ಬಚ್ಚಲುಮನೆಯ ಬೆಂಕಿಗೂ ಉಸಿರು ಬೇಕು

ನಮ್ಮ ಮದುವೆಮನೆಗಳಲ್ಲಿ ರೋಸ್‌ನ ಸಂಜೆಗಿರುವ ಸಂಭ್ರಮ ಕೆಲವೊಮ್ಮೆ ಮದುವೆಯ ದಿನಕ್ಕೂ ಇರುವುದಿಲ್ಲ. ಮದುಮಗಳಿಗೆ ಹಿರಿಯರಿಂದ ಮೊದಲ್ಗೊಂಡು ಎಲ್ಲರೂ ಎಣ್ಣೆ ಹಚ್ಚಿ, ತೆಂಗಿನ ಹಾಲೆರೆದು ಹರಸುವುದು, ಹಾಡು, ನಗೆ, ಕೊನೆಗೆ ಒಡಹುಟ್ಟಿದವರ ಮತ್ತು ಗೆಳತಿಯರ ತಲೆಗೂ ಹಾಲು ಸುರಿಯುವ ತುಂಟತನ. ಅದಾದ ಮೇಲೆ ಬಚ್ಚಲುಮನೆಯ ಮುಂದೆ ಸರತಿಯ ಸಾಲು. ಕೆಲವು ವರ್ಷಗಳ ಹಿಂದೆ ಬಂಧುಗಳೊಬ್ಬರ ಮನೆಯಲ್ಲಿ ಇಂತಹುದೇ ಒಂದು ಸಂಜೆಗೆ ನಾವು ಸಾಕ್ಷಿಯಾಗಿದ್ದೆವು.

ಆ ಮನೆಗೆ ಹೊಸದಾಗಿ ಗ್ಯಾಸ್ ಗೀಸರ್ ಬಂದಿತ್ತು. ನಲ್ಲಿ ತಿರುಗಿಸಿದೊಡನೆ ಬಿಸಿನೀರು. ಕಾಯುವ ತೊಂದರೆಯಿಲ್ಲ, ವಿದ್ಯುತ್ ಕೈಕೊಟ್ಟರೂ ಚಿಂತೆಯಿಲ್ಲ. ಬಚ್ಚಲಿನ ಮೇಲ್ಭಾಗದಲ್ಲಿದ್ದ ಚಿಕ್ಕ ವೆಂಟಿಲೇಟರಿಗೆ ಸೊಳ್ಳೆ ಬಾರದಂತೆ ಪ್ಲಾಸ್ಟಿಕ್ ಹಾಳೆಯನ್ನು ಹೊಡೆದಿದ್ದರು. ನಾಲ್ವರು ಹುಡುಗಿಯರು ಒಬ್ಬರ ಹಿಂದೆ ಒಬ್ಬರಂತೆ ಮಿಂದು ಬಂದರು. ಅವರಲ್ಲಿ ಇಬ್ಬರು ತಲೆ ಸಿಡಿಯುತ್ತಿದೆ ಎಂದು ಗೊಣಗಿದರು. ಮದುವೆಮನೆಯ ದಣಿವು ಎಂದುಕೊಂಡೆವು. ಐದನೆಯವಳಾಗಿ ಕಾಲೇಜು ಓದುವ ಹುಡುಗಿಯೊಬ್ಬಳು ಒಳಹೊಕ್ಕಳು. ನೀರು ಬೀಳುವ ಸದ್ದು ಮಾತ್ರ ಕೇಳುತ್ತಲೇ ಇತ್ತು. ಕೂದಲಿನ ಎಣ್ಣೆ ಹೋಗಲು ಹೊತ್ತು ಬೇಕಲ್ಲವೇ ಎಂದು ಯಾರೋ ಹೇಳಿದರು, ನಾವೂ ಹೌದೆಂದೆವು. ಅವಳ ಸೋದರತ್ತೆಗೆ ಮಾತ್ರ ಸಮಾಧಾನವಾಗಲಿಲ್ಲ. ಎರಡು ಸಲ ಕರೆದರು, ಮೂರನೆಯ ಸಲ ಬಾಗಿಲಿಗೆ ಭುಜ ಕೊಟ್ಟರು. ಸಡಿಲವಾಗಿದ್ದ ಹಳೆಯ ಚಿಲಕ ಕಳಚಿ ಬಿತ್ತು. ಹುಡುಗಿ ಗೋಡೆಗೊರಗಿ ಕುಳಿತಲ್ಲೇ ಪ್ರಜ್ಞೆ ತಪ್ಪಿದ್ದಳು.

ಬೆಳಗಿನಿಂದ ಊಟ ಸರಿಯಾಗಿರಲಿಲ್ಲ, ಪಿತ್ತ ಕೆರಳಿರಬೇಕು ಎಂದರು ಒಬ್ಬರು. ದೃಷ್ಟಿಯಾಯಿತು ಎಂದರು ಇನ್ನೊಬ್ಬರು. ಆಸ್ಪತ್ರೆಯಲ್ಲಿ ಕಿರಿಯ ವೈದ್ಯರೊಬ್ಬರು ಒಂದೇ ಪ್ರಶ್ನೆ ಕೇಳಿದರು: “ನೀರು ಕಾಯಿಸಿದ್ದು ಯಾವುದರಿಂದ?” ಉತ್ತರ ಕೇಳಿದೊಡನೆ ಮುಖಕ್ಕೆ ಆಮ್ಲಜನಕದ ಮುಖವಾಡವನ್ನಿಟ್ಟರು. ಹುಡುಗಿ ಬದುಕಿ ಉಳಿದಳು. ಅವಳನ್ನು ಉಳಿಸಿದ್ದು ಮುಖ್ಯವಾಗಿ ಒಂದು ಸಡಿಲ ಚಿಲಕ ಹಾಗೂ ಒಬ್ಬ ಅತ್ತೆಯ ಅಸಮಾಧಾನ. ಅಂದು ಅಲ್ಲಿ ನೆರೆದಿದ್ದ ಸುಶಿಕ್ಷಿತರಾದ ನಮ್ಮಲ್ಲಿ ಒಬ್ಬರಿಗೂ ಆ ಇಬ್ಬರ ತಲೆನೋವಿಗೂ ಈ ಮೂರ್ಛೆಗೂ ಸಂಬಂಧವಿದೆಯೆಂದು ಹೊಳೆಯಲಿಲ್ಲ ಎಂಬುದನ್ನು ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತೇವೆ. ಆ ನಾಚಿಕೆಯೇ ಈ ಲೇಖನಕ್ಕೆ ಪ್ರೇರಣೆ.

ಸೋರಿಕೆಯಲ್ಲ, ಉರಿಯ ಉಸಿರುಗಟ್ಟು

ಇಂತಹ ದುರಂತಗಳು ಬೆಂಗಳೂರಿನಂತಹ ನಗರಗಳಿಂದ ಪದೇ ಪದೇ ವರದಿಯಾಗುತ್ತವೆ. ಮಿಂದು ಬರುತ್ತೇನೆಂದು ಹೋದ ಯುವಕ, ಮಗುವಿಗೆ ನೀರು ಹಾಕಲು ಹೋದ ತಾಯಿ, ಹೊಸದಾಗಿ ಮದುವೆಯಾದ ದಂಪತಿಗಳು ಬಚ್ಚಲಿನಲ್ಲೇ ಕೊನೆಯುಸಿರೆಳೆದ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ. ಆ ಸುದ್ದಿಗಳ ತಲೆಬರಹ ಬಹುಮಟ್ಟಿಗೆ ಒಂದೇ: ‘ಅನಿಲ ಸೋರಿಕೆಯಿಂದ ಸಾವು’. ಈ ತಲೆಬರಹವೇ ನಮ್ಮನ್ನು ದಾರಿ ತಪ್ಪಿಸುತ್ತಿದೆ ಎಂಬುದು ನಮ್ಮ ಅಭಿಪ್ರಾಯ.

ಸಿಲಿಂಡರಿನ ಅನಿಲ ಸೋರಿದರೆ ನಮಗೆ ತಿಳಿಯುತ್ತದೆ. ಅದಕ್ಕೆ ಸ್ವಂತ ವಾಸನೆ ಇಲ್ಲದಿರುವುದರಿಂದಲೇ ಕೊಳೆತ ಎಲೆಕೋಸಿನಂತಹ ದುರ್ವಾಸನೆಯ ಮರ್‌ಕ್ಯಾಪ್ಟನ್ ಎಂಬ ವಸ್ತುವನ್ನು ಬೇಕೆಂದೇ ಬೆರೆಸಿರುತ್ತಾರೆ. ಆ ವಾಸನೆ ಬಾರದಿದ್ದರೆ ಎಲ್ಲವೂ ಕ್ಷೇಮವೆಂದು ನಾವು ಭಾವಿಸುತ್ತೇವೆ. ಆದರೆ ಗೀಸರಿನ ಬಚ್ಚಲಿನಲ್ಲಿ ಪ್ರಾಣ ತೆಗೆಯುವುದು ಸೋರಿದ ಅನಿಲವಲ್ಲ, ಉರಿದ ಅನಿಲ. ಸಾಕಷ್ಟು ಗಾಳಿ ದೊರೆತಾಗ ಅಡುಗೆ ಅನಿಲವು ಪೂರ್ತಿಯಾಗಿ ಉರಿದು ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿಯಾಗುತ್ತದೆ. ಗಾಳಿ ಸಾಲದಾದಾಗ ಉರಿ ಅರೆಬರೆಯಾಗಿ, ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಕಣ್ಣು ಉರಿಯುವುದಿಲ್ಲ, ಕೆಮ್ಮು ಬರುವುದಿಲ್ಲ. ಸಿಲಿಂಡರಿನ ರಬ್ಬರ್ ಕೊಳವೆ, ರೆಗ್ಯುಲೇಟರ್ ಎಲ್ಲವೂ ಸುಸ್ಥಿತಿಯಲ್ಲಿದ್ದು, ಒಂದು ಗುಳ್ಳೆಯಷ್ಟೂ ಸೋರದಿದ್ದರೂ ಈ ಸಾವು ಸಂಭವಿಸಬಹುದು. ಆದುದರಿಂದ ಮೂಗನ್ನು ನಂಬಿ ಕುಳಿತವರಿಗೆ ಇಲ್ಲಿ ರಕ್ಷಣೆಯಿಲ್ಲ.

ತತ್‌ಕ್ಷಣವೇ ನೀರು ಕಾಯಿಸುವ ಗೀಸರಿನ ಉರಿ ಅಡುಗೆಯ ಒಲೆಯ ಉರಿಗಿಂತ ಹಲವು ಪಟ್ಟು ಪ್ರಬಲವಾದುದು. ಐದಾರು ಅಡಿ ಅಗಲದ, ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಅದೂ ಉಸಿರಾಡುತ್ತದೆ, ಮೀಯುವವನೂ ಉಸಿರಾಡುತ್ತಾನೆ. ಇರುವ ಗಾಳಿಗೆ ಪಾಲುದಾರರು ಇಬ್ಬರು. ಮೊದಲು ಉಸಿರುಗಟ್ಟುವುದು ಬೆಂಕಿಗೆ. ಉಸಿರುಗಟ್ಟಿದ ಬೆಂಕಿಯು ವಿಷವನ್ನು ಕಾರುತ್ತದೆ. ಒಬ್ಬರ ಹಿಂದೆ ಒಬ್ಬರು ಮೀಯುವಾಗ ಮೊದಲಿನವನಿಗೆ ಏನೂ ಆಗದೆ ನಾಲ್ಕನೆಯವನೋ ಐದನೆಯವನೋ ಕುಸಿಯುವುದಕ್ಕೆ ಕಾರಣ ಇದೇ.

ರಕ್ತದಲ್ಲಿ ನಡೆಯುವ ವಂಚನೆ

ನಮ್ಮ ರಕ್ತದಲ್ಲಿರುವ ಹಿಮೋಗ್ಲೋಬಿನ್ ಶ್ವಾಸಕೋಶದಿಂದ ಆಮ್ಲಜನಕವನ್ನು ಹೊತ್ತು ದೇಹದ ಮೂಲೆ ಮೂಲೆಗೂ ತಲುಪಿಸುತ್ತದೆ. ಕಾರ್ಬನ್ ಮೊನಾಕ್ಸೈಡ್ ಇದೇ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರಕ್ಕೂ ಹೆಚ್ಚು ಪಟ್ಟು ಬಲವಾಗಿ ಅಂಟಿಕೊಳ್ಳುತ್ತದೆ. ಹೀಗೆ ವಾಹನವೆಲ್ಲ ವಿಷದ ಹೊರೆಯಿಂದ ತುಂಬಿಹೋದರೆ ಆಮ್ಲಜನಕಕ್ಕೆ ಎಡೆಯೆಲ್ಲಿ? ಮೊದಲು ಬಳಲುವುವು ಆಮ್ಲಜನಕವನ್ನು ಅತಿಯಾಗಿ ಬೇಡುವ ಮಿದುಳು ಮತ್ತು ಹೃದಯ.

ಹತ್ತು ಲಕ್ಷ ಪಾಲು ಗಾಳಿಯಲ್ಲಿ ಈ ಅನಿಲ 400 ಪಾಲಿನಷ್ಟಿದ್ದರೆ ಒಂದೆರಡು ಗಂಟೆಗಳಲ್ಲಿ ತಲೆನೋವು ಆರಂಭವಾಗುತ್ತದೆ. 1600 ಪಾಲಿಗೇರಿದರೆ ಸುಮಾರು 20 ನಿಮಿಷಗಳಲ್ಲಿ ತಲೆಸುತ್ತು, ವಾಕರಿಕೆ. ಒಂದೆರಡು ಗಂಟೆಗಳಲ್ಲಿ ಸಾವು. 6400 ಪಾಲಿಗೇರಿದರೆ ಹತ್ತು ಹದಿನೈದು ನಿಮಿಷಗಳಲ್ಲಿಯೇ ಪ್ರಾಣ ಹೋಗಬಹುದು. ಶೇಕಡಾ ಲೆಕ್ಕದಲ್ಲಿ ಇದು ಒಂದಕ್ಕಿಂತಲೂ ಕಡಿಮೆ ಎಂಬುದನ್ನು ಗಮನಿಸಬೇಕು. ಇನ್ನೂ ಘೋರವಾದ ಸಂಗತಿಯೆಂದರೆ, ವಿಷವೇರಿದಂತೆ ಬುದ್ಧಿ ಮಂಕಾಗಿ ಕೈಕಾಲು ಸೋಲುತ್ತವೆ. ಅಪಾಯವಿದೆಯೆಂದು ತಿಳಿಯುವ ಹೊತ್ತಿಗೆ ಎರಡು ಹೆಜ್ಜೆ ದೂರದ ಬಾಗಿಲನ್ನು ತೆರೆಯುವ ಶಕ್ತಿಯೂ ಉಳಿದಿರುವುದಿಲ್ಲ.

ತಲೆನೋವು, ತಲೆಸುತ್ತು, ವಾಕರಿಕೆ, ನಿಶ್ಶಕ್ತಿ, ಗಲಿಬಿಲಿ ಇವು ಈ ವಿಷದ ಲಕ್ಷಣಗಳು. ಜ್ವರವೊಂದನ್ನು ಬಿಟ್ಟರೆ ಶೀತಜ್ವರಕ್ಕೂ ಇವೇ ಲಕ್ಷಣಗಳು; ಅಜೀರ್ಣಕ್ಕೂ ಇವೇ. ಆದುದರಿಂದಲೇ ಈ ವಿಷ ಬೇರೆ ರೋಗಗಳ ವೇಷದಲ್ಲಿ ತಪ್ಪಿಸಿಕೊಳ್ಳುತ್ತದೆ. ಬಚ್ಚಲಿನಲ್ಲಿ ಬಿದ್ದು ಸೆಳೆತ ಬಂದ ಯುವಜನರಿಗೆ ಅಪಸ್ಮಾರವೆಂದು ಔಷಧಿ ಆರಂಭಿಸಿ, ಅನಂತರ ಗೀಸರೇ ಕಾರಣವೆಂದು ತಿಳಿದ ಪ್ರಸಂಗಗಳನ್ನು ನಮ್ಮ ದೇಶದ ನರರೋಗ ತಜ್ಞರು ವೈದ್ಯಕೀಯ ನಿಯತಕಾಲಿಕೆಗಳಲ್ಲಿ ದಾಖಲಿಸಿದ್ದಾರೆ. ‘ಗ್ಯಾಸ್ ಗೀಸರ್ ಸಿಂಡ್ರೋಮ್’ ಎಂಬ ಹೆಸರೇ ಇದಕ್ಕೆ ಬಂದಿದೆ.

ಈ ಪ್ರಮಾದ ಇಂದಿನದಲ್ಲ. 1902ರ ಸೆಪ್ಟೆಂಬರ್ 28ರ ರಾತ್ರಿ ಫ್ರಾನ್ಸಿನ ಖ್ಯಾತ ಕಾದಂಬರಿಕಾರ ಎಮಿಲ್ ಝೋಲಾ ಅವರು ಪ್ಯಾರಿಸಿನ ತಮ್ಮ ಮನೆಯಲ್ಲಿ ಕಲ್ಲಿದ್ದಲಿನ ಬೆಂಕಿ ಹಾಕಿಸಿ, ಕಿಟಕಿ ಮುಚ್ಚಿ ಮಲಗಿದರು. ಹೊಗೆಗೂಡು ಕಟ್ಟಿಕೊಂಡಿತ್ತು. ನಡುರಾತ್ರಿ ಪತಿಪತ್ನಿಯರಿಬ್ಬರಿಗೂ ಅಸ್ವಸ್ಥತೆ ಕಾಣಿಸಿತಾದರೂ ಅಜೀರ್ಣವಿರಬೇಕೆಂದುಕೊಂಡು ಯಾರನ್ನೂ ಎಬ್ಬಿಸಲಿಲ್ಲ. ಮರುದಿನ ಬಾಗಿಲು ಒಡೆದಾಗ ನೆಲದ ಮೇಲೆ ಬಿದ್ದಿದ್ದ ಝೋಲಾ ಅವರನ್ನು ಉಳಿಸಿಕೊಳ್ಳಲಾಗಲಿಲ್ಲ. ಹಾಸಿಗೆಯ ಮೇಲಿದ್ದ ಪತ್ನಿ ಬದುಕಿದರು. ಅದೇ ಕಾಲದಲ್ಲಿ ಬ್ರಿಟನ್ನಿನ ವಿಜ್ಞಾನಿ ಜಾನ್ ಸ್ಕಾಟ್ ಹಾಲ್ಡೇನ್ ಅವರು ಈ ಅನಿಲವನ್ನು ಸ್ವತಃ ಉಸಿರಾಡಿ ಅದರ ಪರಿಣಾಮಗಳನ್ನು ಬರೆದಿಟ್ಟಿದ್ದರು. ಮನುಷ್ಯನಿಗಿಂತ ಬೇಗನೆ ಬಳಲುವ ಪುಟ್ಟ ಹಕ್ಕಿಗಳನ್ನು ಗಣಿಗೆ ಒಯ್ಯಬೇಕೆಂಬ ಅವರ ಸಲಹೆಯಂತೆ ಕ್ಯಾನರಿ ಹಕ್ಕಿಗಳು ಗಣಿಕಾರ್ಮಿಕರ ಕಾವಲುಗಾರರಾದವು. ಬ್ರಿಟನ್ನಿನಲ್ಲಿ 1986ರಲ್ಲಿ ಯಂತ್ರಗಳು ಅವುಗಳ ಸ್ಥಾನಕ್ಕೆ ಬಂದವು. ನಮ್ಮ ಬಚ್ಚಲಿಗಾದರೋ ಹಕ್ಕಿಯೂ ಇಲ್ಲ, ಯಂತ್ರವೂ ಇಲ್ಲ.

ಹಂಡೆಯ ಕಾಲವೂ ಗೀಸರಿನ ಕಾಲವೂ

ನಮ್ಮ ಹಿರಿಯರು ಬೆಂಕಿಯೊಡನೆಯೇ ಬಾಳಿದವರಲ್ಲವೇ, ಅವರಿಗೇಕೆ ಹೀಗಾಗಲಿಲ್ಲ ಎಂದು ಕೆಲವರು ಕೇಳಬಹುದು. ಉತ್ತರ ಹಳೆಯ ಬಚ್ಚಲುಮನೆಯಲ್ಲಿಯೇ ಇದೆ. ಮನೆಯಿಂದ ತುಸು ದೂರದಲ್ಲಿ, ತಾಮ್ರದ ಹಂಡೆಯನ್ನು ಹೂತ ಒಲೆ. ಎಷ್ಟೋ ಮನೆಗಳಲ್ಲಿ ಒಲೆಯ ಬಾಯಿ ಹೊರಗಡೆಗೇ ಇರುತ್ತಿತ್ತು. ಒಳಗಿದ್ದಲ್ಲಿಯೂ ಮೇಲೆ ಹಂಚಿನ ಮಾಡು. ಗೋಡೆಗೂ ಮಾಡಿಗೂ ನಡುವೆ ಕೈ ತೂರುವಷ್ಟು ಸಂದು. ಸಾಲದುದಕ್ಕೆ ಸೌದೆಯ ಹೊಗೆ ಕಣ್ಣಿಗೆ ಕಟುವಾಗಿ ಚುಚ್ಚಿ ನಮ್ಮನ್ನು ಹೊರಗೋಡಿಸುತ್ತಿತ್ತು. ಆ ಹೊಗೆಯಲ್ಲಿಯೂ ವಿಷವಿತ್ತು, ಆದರೆ ಅದಕ್ಕೆ ಹೋಗಲು ದಾರಿಯಿತ್ತು. ಎಚ್ಚರಿಸುವ ಘಾಟೂ ಇತ್ತು. ಇಂದು ನಾವು ಬೆಂಕಿಯನ್ನು ಹೊಳೆಯುವ ಪೆಟ್ಟಿಗೆಯೊಳಗಿಟ್ಟು, ಕಾಂಕ್ರೀಟಿನ ಮಾಡಿನಡಿ, ಗಾಜು ಮುಚ್ಚಿದ ಕೋಣೆಯ ಗೋಡೆಗೆ ತೂಗುಹಾಕಿದ್ದೇವೆ. ಕಣ್ಣಿಗೆ ಕಾಣದ್ದರಿಂದ ಅದು ಬೆಂಕಿಯೆಂಬುದನ್ನೇ ಮರೆತಿದ್ದೇವೆ.

ಕೆಂಡದ ವಿಷಯದಲ್ಲಿಯೂ ಹೀಗೆಯೇ. ಹೊಗೆಯಿಲ್ಲದ ಕೆಂಡ ನಿರಪಾಯಕಾರಿ ಎಂಬ ನಂಬಿಕೆ ನಮ್ಮ ಮನೆಗಳಲ್ಲಿ ಆಳವಾಗಿ ಬೇರೂರಿದೆ. ನಿಜವಾಗಿ ಮಿನುಗುವ ಇದ್ದಿಲು ಹೊಗೆಯಿಲ್ಲದೆಯೇ ಈ ವಿಷವನ್ನು ಧಾರಾಳವಾಗಿ ಸೂಸುತ್ತದೆ. ಬಾಣಂತಿಯ ಕೋಣೆಯಲ್ಲಿ ಗಾಳಿ ತಗಲಬಾರದೆಂದು ಕಿಟಕಿಗಳಿಗೆ ಬಟ್ಟೆ ತುರುಕಿ, ಮಂಚದಡಿ ಕೆಂಡದ ಅಗ್ಗಿಷ್ಟಿಕೆಯಿಡುವ ವಾಡಿಕೆ ಇನ್ನೂ ಕೆಲವೆಡೆ ಉಳಿದಿದೆ. ಪ್ರೀತಿಯಿಂದಲೇ ನಡೆಸುವ ಈ ಉಪಚಾರ ತಾಯಿಗೂ ಹಸುಗೂಸಿಗೂ ಪ್ರಾಣಾಂತಿಕವಾಗಬಲ್ಲುದು. ಗರ್ಭಿಣಿಯಾದರಂತೂ ತಾಯಿ ಚೇತರಿಸಿಕೊಂಡರೂ ಹೊಟ್ಟೆಯೊಳಗಿನ ಮಗುವಿನ ರಕ್ತದಿಂದ ಈ ವಿಷ ಬೇಗನೆ ತೊಲಗುವುದಿಲ್ಲ. ಬಾಣಂತಿಗೆ ಬೆಚ್ಚಗೆ ಬೇಕು, ನಿಜ. ಬೆಚ್ಚನೆಯ ಬಟ್ಟೆ ಹೊದಿಸೋಣ, ಕೋಣೆಯನ್ನು ಹೊರಗಿನಿಂದ ತಂದ ಬಿಸಿನೀರಿನ ಚೀಲದಿಂದ ಬೆಚ್ಚಗಿಡೋಣ. ಕೆಂಡ ಮಾತ್ರ ಮಲಗುವ ಕೋಣೆಗೆ ಬೇಡ.

ದೂರದೇಶಗಳಲ್ಲಿರುವ ನಮ್ಮವರಿಗೂ ಈ ಮಾತು ಸಲ್ಲುತ್ತದೆ. ಕುವೈತಿನ ಚಳಿಗಾಲದಲ್ಲಿ ಮುಚ್ಚಿದ ಕೋಣೆಗಳಲ್ಲಿ ಇದ್ದಿಲು ಉರಿಸಿ ಮಲಗಬಾರದೆಂದು ಅಲ್ಲಿನ ಅಧಿಕಾರಿಗಳು ಮತ್ತೆ ಮತ್ತೆ ಎಚ್ಚರಿಸುತ್ತಾರೆ. ಕರಾವಳಿಯ ಎಷ್ಟು ಮನೆಗಳ ಮಕ್ಕಳು ಅಲ್ಲಿ ದುಡಿಯುತ್ತಿದ್ದಾರೆಂಬುದನ್ನು ಹೇಳಬೇಕಾಗಿಲ್ಲ. ಪ್ರವಾಸದಲ್ಲಿಯೂ ಎಚ್ಚರ ಬೇಕು. 2020ರ ಜನವರಿಯಲ್ಲಿ ನೇಪಾಳದ ದಾಮನ್ ಎಂಬ ಗಿರಿಧಾಮಕ್ಕೆ ಹೋಗಿದ್ದ ಕೇರಳದ ಎಂಟು ಮಂದಿ, ಅವರಲ್ಲಿ ನಾಲ್ವರು ಮಕ್ಕಳು, ಚಳಿ ತಾಳಲಾರದೆ ಒಂದೇ ಕೋಣೆಯಲ್ಲಿ ಗ್ಯಾಸ್ ಹೀಟರ್ ಉರಿಸಿ ಬಾಗಿಲು ಕಿಟಕಿ ಭದ್ರಪಡಿಸಿ ಮಲಗಿದರು. ಬೆಳಗ್ಗೆ ಬಾಗಿಲು ತೆರೆಸಿದಾಗ ಎಲ್ಲರೂ ಪ್ರಜ್ಞಾಶೂನ್ಯರಾಗಿದ್ದರು, ಒಬ್ಬರೂ ಉಳಿಯಲಿಲ್ಲ. ಕೊಡಗು, ಚಿಕ್ಕಮಗಳೂರು, ಊಟಿಯೆಂದು ರಜೆಯಲ್ಲಿ ಹೊರಡುವ ಕುಟುಂಬಗಳು ಈ ಕೋಣೆಯನ್ನು ನೆನಪಿನಲ್ಲಿಡಬೇಕು.

ನಾವು ಮಾಡಬೇಕಾದುದು

ಮೊದಲನೆಯ ಮಾತು: ಗ್ಯಾಸ್ ಗೀಸರಿನ ಸ್ಥಾನ ಬಚ್ಚಲಿನ ಹೊರಗೆ. ಗಾಳಿಯಾಡುವ ಜಗಲಿಯಲ್ಲೋ, ಮನೆಯ ಹಿಂಬದಿಯ ತೆರೆದ ಜಾಗದಲ್ಲೋ ಅದನ್ನಿಟ್ಟು, ಕೊಳವೆಯ ಮೂಲಕ ಬಿಸಿನೀರನ್ನಷ್ಟೇ ಒಳಗೆ ತರಬೇಕು. ಕೊಳಾಯಿ ಕೆಲಸದವನಿಗೆ ಇದು ಅರ್ಧ ದಿನದ ಕೆಲಸ. ಈಗಾಗಲೇ ಒಳಗಿರುವವರು ಇದನ್ನು ಮುಂದೂಡಬಾರದು.

ಹೊರಗಿಡುವವರೆಗೆ ಪಾಲಿಸಬೇಕಾದ ನಿಯಮ ಒಂದೇ: ಉರಿಯುವ ಗೀಸರಿನ ಜೊತೆ ಮುಚ್ಚಿದ ಬಾಗಿಲಿನೊಳಗೆ ಯಾರೂ ಇರಬಾರದು. ಬಾಗಿಲು ತೆರೆದಿಟ್ಟು ಬಕೆಟ್ಟಿಗೆ ನೀರು ತುಂಬಿಸಿ, ಗೀಸರನ್ನು ಆರಿಸಿ, ಕೋಣೆಗೆ ಗಾಳಿಯಾಡಲು ಬಿಟ್ಟು, ಅನಂತರ ಮೀಯಲು ಹೋಗಬೇಕು. ಒಬ್ಬರು ಮಿಂದ ಬಳಿಕ ಮತ್ತೊಬ್ಬರು ಹೊಗುವ ಮುನ್ನ ಬಾಗಿಲು ಕಿಟಕಿಗಳನ್ನು ಸಾಕಷ್ಟು ಹೊತ್ತು ತೆರೆದಿಡಬೇಕು. ಮದುವೆ, ಹಬ್ಬಗಳ ನೆರವಿಯಲ್ಲಿ ಈ ನಿಯಮವನ್ನು ನೋಡಿಕೊಳ್ಳಲು ಮನೆಯ ಹಿರಿಯರೊಬ್ಬರನ್ನು ಗೊತ್ತುಪಡಿಸುವುದು ಲೇಸು.

ವೆಂಟಿಲೇಟರನ್ನು ಸೊಳ್ಳೆಗಾಗಿಯೋ, ಚಳಿಗಾಗಿಯೋ, ಮಳೆಗಾಲದ ಎರಚಲಿಗಾಗಿಯೋ ಮುಚ್ಚಬಾರದು. ಬಲೆ ಹಾಕಿದರೆ ಸಾಕು. ಗಾಳಿ ಒಳಬರಲು ಕೆಳಗೊಂದು, ಹೊರಹೋಗಲು ಮೇಲೊಂದು ಕಿಂಡಿ ಇರಬೇಕು. ಗಾಳಿಯನ್ನು ಹೊರದೂಡುವ ಫ್ಯಾನ್ ಇದ್ದರೆ ಸಾಕೆಂದು ತಿಳಿಯುವುದು ತಪ್ಪು. ಗಾಳಿ ಒಳಬರಲು ದಾರಿಯಿಲ್ಲದಿದ್ದರೆ ಅಂತಹ ಫ್ಯಾನು ಹೊಗೆಕೊಳವೆಯ ಅನಿಲವನ್ನು ಕೋಣೆಗೇ ಮರಳಿ ಸೆಳೆಯಬಲ್ಲುದು. ಉರಿಯ ಬಣ್ಣ ನೀಲಿಯಾಗಿರಬೇಕು. ಹಳದಿಯಾದರೆ ಅಥವಾ ಗೀಸರಿನ ಸುತ್ತ ಮಸಿ ಕಂಡರೆ ಅದನ್ನು ನಿಲ್ಲಿಸಿ ದುರಸ್ತಿ ಮಾಡಿಸಬೇಕು. ವರ್ಷಕ್ಕೊಮ್ಮೆ ತಿಳಿದವರಿಂದ ಪರೀಕ್ಷಿಸಬೇಕು. ಆದರೆ ಉರಿ ನೀಲಿಯಾಗಿದೆಯೆಂಬ ಧೈರ್ಯದಿಂದ ಬಾಗಿಲು ಮುಚ್ಚಕೂಡದು.

ಜನರೇಟರನ್ನು ಮನೆಯೊಳಗೆ, ಜಗಲಿಯಲ್ಲಿ ಅಥವಾ ಕಿಟಕಿಯ ಬಳಿ ಓಡಿಸಬಾರದು. ಮುಚ್ಚಿದ ಶೆಡ್ಡಿನಲ್ಲಿ ಕಾರಿನ ಎಂಜಿನನ್ನು ಚಾಲೂ ಇಟ್ಟು ಮಕ್ಕಳನ್ನು ಒಳಗೆ ಮಲಗಿಸಬಾರದು.

ಈ ಅನಿಲವನ್ನು ಗುರುತಿಸಿ ಕೂಗುವ ಪುಟ್ಟ ಸೂಚಕಗಳೂ ಮಾರುಕಟ್ಟೆಯಲ್ಲಿವೆ. ಇಂಗ್ಲೆಂಡಿನಲ್ಲಿ 2022ರ ಅಕ್ಟೋಬರ್‌ನಿಂದ, ಅಡುಗೆಯ ಒಲೆಯನ್ನು ಬಿಟ್ಟು ಉರಿಯುವ ಇತರ ಸ್ಥಿರ ಉಪಕರಣಗಳಿರುವ ಬಾಡಿಗೆ ಮನೆಯ ಕೋಣೆಗಳಲ್ಲಿ ಇಂತಹ ಸೂಚಕವನ್ನು ಮನೆಯೊಡೆಯನೇ ಅಳವಡಿಸಬೇಕೆಂದು ಕಾನೂನಾಗಿದೆ. ಅಲ್ಲಿ ದಾದಿಯರಾಗಿ ದುಡಿಯುವ ನಮ್ಮ ಹೆಣ್ಣುಮಕ್ಕಳು ತಮ್ಮ ಬಾಡಿಗೆ ಮನೆಯಲ್ಲಿ ಇದನ್ನು ಕೇಳಿ ಪಡೆಯಬೇಕು. ಊರಿನಲ್ಲಿ ಕೊಳ್ಳುವವರು ಒಂದು ವಿಷಯ ಗಮನಿಸಲಿ: ಅಡುಗೆ ಅನಿಲದ ಸೋರಿಕೆಯನ್ನು ಹಿಡಿಯುವ ಸೂಚಕ ಬೇರೆ, ಕಾರ್ಬನ್ ಮೊನಾಕ್ಸೈಡನ್ನು ಹಿಡಿಯುವ ಸೂಚಕ ಬೇರೆ. ಒಂದರ ಕೆಲಸವನ್ನು ಇನ್ನೊಂದು ಮಾಡದು.

ಅವಘಡವಾದರೆ

ಬಚ್ಚಲಿನಿಂದ ಉತ್ತರ ಬಾರದಿದ್ದರೆ ಕಾಯಬೇಡಿ. ಇಲ್ಲಿ ನಮ್ಮನ್ನು ತಡೆಯುವುದು ಬಹುಮಟ್ಟಿಗೆ ಸಂಕೋಚ. ಮೀಯುತ್ತಿರುವವರ ಬಾಗಿಲನ್ನು ಒಡೆಯುವುದು ಹೇಗೆ ಎಂದು ಹಿಂದೆಮುಂದೆ ನೋಡುವ ಐದು ನಿಮಿಷಗಳಲ್ಲಿ ಒಂದು ಜೀವ ಹೋಗಬಹುದು. ಮಾನ ಮುಚ್ಚಲು ಒಂದು ಬೈರಾಸು ಸಾಕು. ಹೋದ ಪ್ರಾಣವನ್ನು ಮರಳಿ ತರಲು ಏನೂ ಸಾಲದು. ಗೀಸರಿರುವ ಮನೆಗಳಲ್ಲಿ ಹೊರಗಿನಿಂದಲೂ ತೆರೆಯಬಹುದಾದ ಚಿಲಕವನ್ನಿಡುವುದು ಉತ್ತಮ. ಮಕ್ಕಳು, ವೃದ್ಧರು ಮೀಯುವಾಗ ಬಾಗಿಲನ್ನು ಒರೆಯಾಗಿಸಿದರೆ ಸಾಕು.

ಬಾಗಿಲು ತೆರೆದೊಡನೆ ಉಸಿರು ಬಿಗಿಹಿಡಿದು, ಬಿದ್ದವರನ್ನು ಹೊರಗಿನ ಶುದ್ಧ ಗಾಳಿಗೆ ಎಳೆತರಬೇಕು, ಗೀಸರನ್ನು ಆರಿಸಬೇಕು. ರಕ್ಷಿಸಲು ಹೋದವರೇ ಒಳಗೆ ನಿಂತು ವಿಷಕ್ಕೆ ಬಲಿಯಾಗಬಾರದು. 108ಕ್ಕೆ ಕರೆ ಮಾಡಿ. ಉಸಿರು ನಿಂತಿದ್ದರೆ, ಬಲ್ಲವರು ಎದೆಯನ್ನೊತ್ತಿ ಪುನಶ್ಚೇತನಗೊಳಿಸಲು ಯತ್ನಿಸಬೇಕು. ಎಚ್ಚರವಿಲ್ಲದವರ ಬಾಯಿಗೆ ನೀರು, ಕಾಫಿ ಹೊಯ್ಯಬಾರದು.

ವೈದ್ಯರಿಗೆ ನೀವಾಗಿಯೇ ಹೇಳಿ: ‘ಗ್ಯಾಸ್ ಗೀಸರ್ ಉರಿಯುತ್ತಿತ್ತು’ ಅಥವಾ ‘ಕೋಣೆಯಲ್ಲಿ ಕೆಂಡವಿತ್ತು’. ಈ ಒಂದು ವಾಕ್ಯ ಚಿಕಿತ್ಸೆಯ ದಿಕ್ಕನ್ನೇ ಬದಲಿಸಬಲ್ಲುದು. ಬೆರಳಿಗೆ ಸಿಕ್ಕಿಸುವ ಸಾಮಾನ್ಯ ಆಕ್ಸಿಮೀಟರಿಗೆ ವಿಷವೇರಿದ ರಕ್ತವನ್ನೂ ಆಮ್ಲಜನಕವೇರಿದ ರಕ್ತವನ್ನೂ ಬೇರ್ಪಡಿಸಿ ನೋಡುವ ಶಕ್ತಿಯಿಲ್ಲ. ಅದು 98, 99 ಎಂದು ತೋರಿಸಿದರೂ ನಿಶ್ಚಿಂತರಾಗುವಂತಿಲ್ಲ. ರಕ್ತಪರೀಕ್ಷೆಯಿಂದಷ್ಟೇ ನಿಜ ತಿಳಿಯುತ್ತದೆ. ಬರಿಯ ಗಾಳಿಯಲ್ಲಿ ಉಸಿರಾಡುತ್ತಿದ್ದರೆ ರಕ್ತದ ವಿಷ ಅರ್ಧಕ್ಕಿಳಿಯಲು ನಾಲ್ಕೈದು ಗಂಟೆ ಬೇಕು. ಶುದ್ಧ ಆಮ್ಲಜನಕ ಕೊಟ್ಟರೆ ಒಂದೂವರೆ ಗಂಟೆಯ ಆಸುಪಾಸು ಸಾಕು. ಚೇತರಿಸಿಕೊಂಡವರಲ್ಲಿಯೂ ಕೆಲವರಿಗೆ ದಿನಗಳು, ವಾರಗಳು ಕಳೆದ ಮೇಲೆ ಮರೆವು, ನಡಿಗೆಯ ತೊಡಕು, ಸ್ವಭಾವದಲ್ಲಿ ಬದಲಾವಣೆ ಕಾಣಿಸಿಕೊಳ್ಳುವುದುಂಟು. ಆಗ ಮತ್ತೆ ವೈದ್ಯರಲ್ಲಿಗೆ ಹೋಗಬೇಕು.

ಮನೆಯಲ್ಲಿ ಇಬ್ಬರು ಮೂವರಿಗೆ ಒಟ್ಟಿಗೇ ತಲೆನೋವು ಬಂದರೆ, ಅದು ಹೊರಗೆ ಹೋದಾಗ ಕಡಿಮೆಯಾಗಿ ಒಳಗೆ ಬಂದಾಗ ಮರುಕಳಿಸಿದರೆ, ಸಾಕಿದ ನಾಯಿ ಬೆಕ್ಕುಗಳೂ ಮಂಕಾದರೆ ದಣಿವನ್ನೋ ಪಿತ್ತವನ್ನೋ ದೂರುವ ಮೊದಲು ಮನೆಯಲ್ಲಿ ಉರಿಯುತ್ತಿರುವುದೇನು ಎಂದು ಹುಡುಕಿರಿ.

ವಾಳೆಯ ಗುರಿಕಾರರಲ್ಲಿ, ಮಹಿಳಾ ಹಾಗೂ ಯುವ ಸಂಘಟನೆಗಳ ಪದಾಧಿಕಾರಿಗಳಲ್ಲಿ ನಮ್ಮದೊಂದು ವಿನಂತಿಯಿದೆ. ಮುಂದಿನ ಕೂಟದಲ್ಲಿ ಹತ್ತು ನಿಮಿಷಗಳನ್ನು ಇದಕ್ಕಾಗಿ ಮೀಸಲಿಡಿ. ವಾಳೆಯ ಎಷ್ಟು ಮನೆಗಳ ಬಚ್ಚಲಿನೊಳಗೆ ಗ್ಯಾಸ್ ಗೀಸರಿದೆಯೆಂದು ಎಣಿಸಿದರೆ ಉಳಿದ ಮಾತು ತಾನಾಗಿ ಹೊರಡುತ್ತದೆ. ಬೆಂಗಳೂರಿನಲ್ಲೋ ಮುಂಬಯಿಯಲ್ಲೋ ಬಾಡಿಗೆ ಕೋಣೆಯಲ್ಲಿರುವ ಮಕ್ಕಳಿಗೆ ಭಾನುವಾರ ದೂರವಾಣಿಯಲ್ಲಿ ಮಾತನಾಡುವಾಗ, ಊಟವಾಯಿತೇ ಎಂದು ಕೇಳುವ ತಾಯಂದಿರು ನೀರು ಕಾಯಿಸುವುದು ಯಾವುದರಿಂದ ಎಂದೂ ಕೇಳಲಿ.

ಆ ಮದುವೆಮನೆಯ ಗೀಸರ್ ಈಗ ಹಿಂಬದಿಯ ಜಗಲಿಯ ಗೋಡೆಯ ಮೇಲಿದೆ. ವೆಂಟಿಲೇಟರಿನ ಪ್ಲಾಸ್ಟಿಕ್ ಹಾಳೆಯನ್ನು ಮನೆಯ ಯಜಮಾನರು ಮರುದಿನವೇ ಹರಿದೆಸೆದರು. ಚಿಲಕವನ್ನು ಮಾತ್ರ ಅವರು ಇನ್ನೂ ಬಿಗಿಗೊಳಿಸಿಲ್ಲ. ಪ್ರಿಯ ಓದುಗರೇ, ಈ ಪುಟವನ್ನು ಮಡಿಸಿಟ್ಟ ಬಳಿಕ ಒಮ್ಮೆ ನಿಮ್ಮ ಬಚ್ಚಲುಮನೆಗೆ ಹೋಗಿ ತಲೆಯೆತ್ತಿ ನೋಡಿರಿ. ಅಲ್ಲಿ ಬೆಂಕಿಯಿದೆಯೇ? ಇದ್ದರೆ, ಅದರ ಉಸಿರು ಹೊರಹೋಗಲು ದಾರಿಯಿದೆಯೇ? ದಾರಿ ಮುಚ್ಚಿದ್ದರೆ ಇಂದೇ ತೆರೆಯಿರಿ.